ಹಾಸ್ಟೆಲ್ಲಿನ ಗಾಳಿ ಬೆಳಕೂ ನಮ್ಮ ಹಕ್ಕು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ನಾನು ದೊಡ್ಡ ದೊಡ್ಡ ಸಿದ್ಧಾಂತಗಳ ಬಗ್ಗೆ ಮಾತಾಡೋದಿಲ್ಲ. ನಿಮ್ಮ ಕೋಣೆಯ ಬಗ್ಗೆ ಮಾತಾಡ್ತೀನಿ. ನೀವು ಮಲಗೋ ಜಾಗ, ಓದೋ ಜಾಗ, ಟ್ರಂಕು ಇಡೋ ಜಾಗ, ಒದ್ದೆ ಬಟ್ಟೆ ನೇತುಹಾಕೋ ಜಾಗ. ಭೂಮಿಯ ಪ್ರಶ್ನೆ ಇದೆ, ದೌರ್ಜನ್ಯದ ಪ್ರಶ್ನೆ ಇದೆ, ಮೀಸಲಾತಿಯ ಪ್ರಶ್ನೆ ಇದೆ, ಇಂಥಾ ಹೊತ್ತಿನಲ್ಲಿ ಕಿಟಕಿ, ತಿಗಣೆ, ಕಜ್ಜಿ ಅಂತ ಮಾತಾಡೋದು ಸಣ್ಣ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ಸಣ್ಣ ವಿಷಯ ಅಲ್ಲ. ಆ ದೊಡ್ಡ ಪ್ರಶ್ನೆಗಳನ್ನು ಎತ್ತಬೇಕಾದ ಹುಡುಗ ಹುಡುಗಿಯರು ಮಲಗಿ ಏಳುವುದು ಈ ಕೋಣೆಗಳಲ್ಲೇ.

ಪ್ರತಿ ವರ್ಷ ಪರೀಕ್ಷೆಯ ಫಲಿತಾಂಶ ಬರುತ್ತದೆ. ಪೇಪರಿನಲ್ಲಿ ಹೆಚ್ಚು ಅಂಕ ಪಡೆದವರ ಫೋಟೋ ಬರುತ್ತದೆ. ನಮ್ಮ ಹುಡುಗ ಫೇಲಾದರೆ ಜನ ಏನಂತಾರೆ? "ಸರ್ಕಾರ ಊಟ ಕೊಡುತ್ತೆ, ಬಟ್ಟೆ ಕೊಡುತ್ತೆ, ಪುಸ್ತಕ ಕೊಡುತ್ತೆ, ಇವರಿಗೆ ಎಷ್ಟು ಕೊಟ್ಟರೂ ಇಷ್ಟೇ." ಈ ಮಾತನ್ನು ಹೊರಗಿನವರು ಆಡಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಆದರೆ ರಾತ್ರಿ ಒಬ್ಬನೇ ಮಲಗಿದಾಗ ಅದೇ ಹುಡುಗ ತನ್ನೊಳಗೇ ಅಂದುಕೊಳ್ಳುತ್ತಾನೆ: "ನನಗೆ ತಲೆಗೆ ಹತ್ತೋದಿಲ್ಲ. ಕ್ಲಾಸಿನಲ್ಲಿ ಕೂತರೆ ನಿದ್ದೆ ಬರುತ್ತೆ. ನಾನು ದಡ್ಡ." ಈ ಎರಡನೇ ಮಾತು ಮೊದಲನೇದಕ್ಕಿಂತ ಅಪಾಯ. ಅಂಕಪಟ್ಟಿಯಲ್ಲಿ ವಿಷಯದ ಹೆಸರು ಇರುತ್ತದೆ, ರಿಜಿಸ್ಟರ್ ನಂಬರ್ ಇರುತ್ತದೆ, ಅಂಕ ಇರುತ್ತದೆ. ಆ ಹುಡುಗ ಎಂಥಾ ಕೋಣೆಯಲ್ಲಿ ಓದಿದ ಅನ್ನೋದು ಮಾತ್ರ ಇರೋದಿಲ್ಲ. ಇಲ್ಲದ ಆ ಲೆಕ್ಕವನ್ನು ಇವತ್ತು ನಾವು ಹಾಕೋಣ.

ಒಂದು ಕೋಣೆ ಇಟ್ಟುಕೊಳ್ಳಿ. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರ. ಅದರಲ್ಲಿ 16 ಜನ. ಇಂಥಾ ಕೋಣೆಗಳನ್ನು ನೀವು ನೋಡಿದ್ದೀರಿ, ಕೆಲವರು ಅಲ್ಲೇ ಇದ್ದೀರಿ. 300 ಚದರ ಅಡಿಯನ್ನು 16ರಿಂದ ಭಾಗಿಸಿ. ತಲೆಗೆ ಹದಿನೆಂಟು ಮುಕ್ಕಾಲು ಚದರ ಅಡಿ ಬರುತ್ತದೆ. ಅಂದರೆ ಆರಡಿ ಮೂರಡಿ. ನಮ್ಮಲ್ಲಿ ಈ ಅಳತೆಯನ್ನು ಯಾವುದಕ್ಕೆ ಹೇಳ್ತಾರೆ ಅನ್ನೋದು ನಿಮಗೇ ಗೊತ್ತು. ಅದರಲ್ಲೂ ಟ್ರಂಕು, ಬಕೆಟ್ಟು, ತಟ್ಟೆ, ಲೋಟಕ್ಕೆ ಜಾಗ ಬಿಡಬೇಕು. ಈ ದೇಶಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದಿದೆ. ಶಾಲೆ ಕಾಲೇಜಿಗೆ ಸೇರಿದ ಹಾಸ್ಟೆಲ್ಲಿನಲ್ಲಿ ಒಬ್ಬ ವಾಸ ಮಾಡೋ ಕೋಣೆ ಕನಿಷ್ಠ 7.5 ಚದರ ಮೀಟರ್, ಅಂದರೆ ಸುಮಾರು 80 ಚದರ ಅಡಿ ಇರಬೇಕು ಅಂತ ಅದು ಹೇಳುತ್ತದೆ. ಒಬ್ಬನ ಕೋಣೆಗೆ ಅವರು ಹಾಕಿದ ಅಳತೆಯಲ್ಲಿ ನಮ್ಮವರು ನಾಲ್ಕು ಜನ ಮಲಗ್ತಾರೆ.

ಜಾಗದ ಲೆಕ್ಕ ಆಯಿತು, ಈಗ ಗಾಳಿಯ ಲೆಕ್ಕ. ಮಲಗಿದ ಮನುಷ್ಯ ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. 16 ಜನ ಅಂದರೆ ಗಂಟೆಗೆ 190 ಲೀಟರಿಗೂ ಹೆಚ್ಚು. ನಾವು ಹೇಳಿದ ಕೋಣೆಯಲ್ಲಿ ಇರೋ ಗಾಳಿ ಸುಮಾರು 85,000 ಲೀಟರ್. ಹೊರಗಿನ ಶುದ್ಧ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 420 ಭಾಗದಷ್ಟು ಇರುತ್ತದೆ. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿದರೆ ಎರಡೇ ಗಂಟೆಯಲ್ಲಿ ಕೋಣೆಯ ಒಳಗೆ ಅದು ಹೊರಗಿನ ಹತ್ತು ಪಟ್ಟು ದಾಟುತ್ತದೆ. ನಿಜ, ಯಾವ ಕೋಣೆಯೂ ಪೂರ್ತಿ ಬಿಗಿಯಾಗಿರೋದಿಲ್ಲ. ಬಾಗಿಲ ಸಂದಿ ಇರುತ್ತದೆ, ಒಡೆದ ಗಾಜು ಇರುತ್ತದೆ. ಎಷ್ಟೋ ಹಾಸ್ಟೆಲ್ಲಿನಲ್ಲಿ ಆ ಒಡೆದ ಗಾಜೇ ನಮ್ಮ ಮಕ್ಕಳ ಉಸಿರು ಉಳಿಸಿದೆ ಅಂತ ಹೇಳಬೇಕು. ಆದರೂ ಬೆಳಗಿನ ಜಾವ ಆ ಕೋಣೆಗೆ ಹೊರಗಿನಿಂದ ಬಂದವನ ಮುಖಕ್ಕೆ ಹೊಡೆಯೋ ಬಿಸಿ ವಾಸನೆ ಇದೆಯಲ್ಲ, ಅದು ಹುಡುಗರು ಸ್ನಾನ ಮಾಡದ ವಾಸನೆ ಅಲ್ಲ. ಹೊರಗೆ ಹೋಗಲು ದಾರಿ ಇಲ್ಲದೆ ನಿಂತ ಉಸಿರಿನ ವಾಸನೆ. ಅದರಲ್ಲಿ ಎಂಟು ಗಂಟೆ ಮಲಗಿ ಎದ್ದವನಿಗೆ ತಲೆ ಭಾರ, ಮೈ ಭಾರ. ಒಂಬತ್ತು ಗಂಟೆಗೆ ಕ್ಲಾಸಿನಲ್ಲಿ ತೂಕಡಿಸಿದರೆ ಮೇಷ್ಟ್ರು "ಹಾಸ್ಟೆಲ್ ಊಟ ಜಾಸ್ತಿ ಆಯ್ತೇನೋ?" ಅಂತ ನಗ್ತಾರೆ.

ಉಸಿರಿನ ಜೊತೆ ನೀರೂ ಹೋಗುತ್ತದೆ. ಮಲಗಿದವನ ಉಸಿರು ಮತ್ತು ಬೆವರಿನಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗುತ್ತದೆ. 16 ಜನ, ಎಂಟು ಗಂಟೆ: ಐದು ಲೀಟರ್ ನೀರು. ಒಂದು ಸಣ್ಣ ಬಿಂದಿಗೆ ನೀರನ್ನು ರಾತ್ರಿಯಿಡೀ ಗೋಡೆಗೆ ಎರಚಿದ ಹಾಗೆ. ಇದರ ಮೇಲೆ ಮಳೆಗಾಲದಲ್ಲಿ ಹಗ್ಗ ಕಟ್ಟಿ ಒಣಗಲು ಹಾಕಿದ ಬಟ್ಟೆ, ಸೋರುವ ತಾರಸಿ. ಮಲೆನಾಡು, ಕೊಡಗು, ಕರಾವಳಿಯ ಹಾಸ್ಟೆಲ್ಲುಗಳಲ್ಲಿ ಜೂನ್ ತಿಂಗಳಲ್ಲಿ ಗೋಡೆ ಹಸಿರಾಗುತ್ತದೆ, ಆಗಸ್ಟಿನ ಹೊತ್ತಿಗೆ ಕಪ್ಪಾಗುತ್ತದೆ. ಬೂಷ್ಟು ಬೆಳೆಯುತ್ತದೆ. ಪುಸ್ತಕಕ್ಕೂ ಬೂಷ್ಟು, ಹಾಸಿಗೆಗೂ ಬೂಷ್ಟು. ತೇವ ಮತ್ತು ಬೂಷ್ಟು ಇರುವ ಮನೆಯಲ್ಲಿ ವಾಸ ಮಾಡೋರಿಗೆ ಕೆಮ್ಮು, ಉಬ್ಬಸ, ಉಸಿರಾಟದ ಕಾಯಿಲೆ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಒಂದು ಇಡೀ ಪುಸ್ತಕ ತಂದು ಹೇಳಿದೆ. ನಮ್ಮಲ್ಲಿ ಅದಕ್ಕೆ ಔಷಧಿ ಏನು? ವರ್ಷಕ್ಕೊಮ್ಮೆ ಅಧಿಕಾರಿ ಬರೋ ಮುಂಚೆ ಒಂದು ಕೋಟು ಸುಣ್ಣ. ಸುಣ್ಣದ ಕೆಳಗೆ ಗೋಡೆ ಒದ್ದೆಯಾಗೇ ಇರುತ್ತದೆ.

ಗಾಳಿಯ ವಿಷಯ ಬರೀ ತಲೆನೋವಿನ ವಿಷಯ ಅಲ್ಲ. ಕ್ಷಯ ರೋಗ ಹರಡೋದು ಗಾಳಿಯಿಂದ. ಇದನ್ನು ಹೇಗೆ ಕಂಡುಹಿಡಿದರು ಗೊತ್ತೇನು? ಅಮೆರಿಕದ ಬಾಲ್ಟಿಮೋರ್ ನಗರದ ಆಸ್ಪತ್ರೆಯೊಂದರಲ್ಲಿ 1950ರ ದಶಕದಲ್ಲಿ ರಿಚರ್ಡ್ ರೈಲಿ ಎಂಬ ವೈದ್ಯ ಮತ್ತು ಅವರ ಸಂಗಡಿಗರು ಕ್ಷಯ ರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆ ಮೂಲಕ ಮೇಲಿನ ಕೋಣೆಗೆ ಹಾಯಿಸಿದರು. ಅಲ್ಲಿ ಗಿನಿಯಿಲಿಗಳನ್ನು ಇಟ್ಟಿದ್ದರು. ಆ ಪ್ರಾಣಿಗಳು ರೋಗಿಗಳನ್ನು ಮುಟ್ಟಿಲ್ಲ, ಅವರ ತಟ್ಟೆಯಲ್ಲಿ ತಿಂದಿಲ್ಲ. ಬರೀ ಆ ಗಾಳಿ ಉಸಿರಾಡಿದವು. ಅವಕ್ಕೆ ಕ್ಷಯ ಬಂತು. ಮುಟ್ಟಿದರೆ ಮೈಲಿಗೆ ಅಂತ ಸಾವಿರಾರು ವರ್ಷ ನಮ್ಮನ್ನು ದೂರ ಇಟ್ಟ ದೇಶ ಇದು. ರೋಗ ಬರೋದು ಮುಟ್ಟಿದ್ದಕ್ಕಲ್ಲ, ಮುಚ್ಚಿದ್ದಕ್ಕೆ ಅನ್ನೋ ಪಾಠ ಆ ಕೊಳವೆಯಲ್ಲಿದೆ. ಗಾಳಿ ಆಡುವ ಕೋಣೆಯಲ್ಲಿ ರೋಗಾಣು ಚದುರಿ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಒಬ್ಬ ಕೆಮ್ಮಿದರೆ ಹದಿನಾರು ಜನ ಅದನ್ನು ಹಂಚಿಕೊಳ್ತಾರೆ. 2020ರಲ್ಲಿ ಕೊರೋನಾ ಬಂದಾಗ ಇಡೀ ಲೋಕ ಈ ಪಾಠವನ್ನು ಮತ್ತೆ ಕಲಿಯಿತು. ಆರಡಿ ದೂರ ನಿಲ್ಲಿ ಅಂದರು. ಆರಡಿ ಮೂರಡಿಯಲ್ಲಿ ಮಲಗೋರು ಎಲ್ಲಿ ಹೋಗಿ ನಿಲ್ಲಬೇಕು ಅಂತ ಯಾರೂ ಹೇಳಲಿಲ್ಲ.

ಇನ್ನು ಕಜ್ಜಿ. ಹಾಸ್ಟೆಲ್ ಹುಡುಗ ಅಂದರೆ ಕಜ್ಜಿ ಹುಡುಗ ಅಂತ ಶಾಲೆಯಲ್ಲಿ ಹಾಸ್ಯ ಮಾಡೋದನ್ನ ಕೇಳಿದ್ದೀರಿ. ಬೆಂಚಿನಲ್ಲಿ ಪಕ್ಕ ಕೂರೋದಿಲ್ಲ. ಹಳೆಯ ಅಸ್ಪೃಶ್ಯತೆ ಹೊಸ ಕಾರಣ ಹುಡುಕಿಕೊಂಡು ಬಂದು ಪಕ್ಕದಲ್ಲೇ ಕೂತಿರುತ್ತದೆ. ಕಜ್ಜಿ ಯಾಕೆ ಬರುತ್ತದೆ? ಚರ್ಮದೊಳಗೆ ಬಿಲ ಕೊರೆಯೋ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ. ಮೈಗೆ ಮೈ ತಾಗಿ ಮಲಗಿದಾಗ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಅದಕ್ಕೆ ಜಾತಿ ಇಲ್ಲ, ಕೊಳಕೂ ಬೇಕಿಲ್ಲ, ಇಕ್ಕಟ್ಟು ಸಾಕು. ದಿನಾ ಎರಡು ಸಲ ಸ್ನಾನ ಮಾಡೋನನ್ನೂ ಆರಡಿ ಮೂರಡಿ ಜಾಗದಲ್ಲಿ ಮಲಗಿಸಿ, ಬರುತ್ತದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಲಕ್ಷ್ಯಕ್ಕೆ ಒಳಗಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಾಯಿಲೆ ಅಲಕ್ಷ್ಯಕ್ಕೆ ಒಳಗಾದದ್ದು ಯಾಕೆ? ಅದು ಬರುವ ಜನ ಅಲಕ್ಷ್ಯಕ್ಕೆ ಒಳಗಾದ್ದರಿಂದ. ಒಂದು ಮಾತು ನೆನಪಿಡಿ. ಒಬ್ಬನಿಗೆ ಮಾತ್ರ ಮುಲಾಮು ಹಚ್ಚಿದರೆ ಕಜ್ಜಿ ಹೋಗೋದಿಲ್ಲ. ತುರಿಕೆ ಇರಲಿ ಬಿಡಲಿ, ಡಾಕ್ಟರನ್ನು ಕೇಳಿ ಕೋಣೆಯ ಎಲ್ಲರೂ ಒಂದೇ ದಿನ ಕತ್ತಿನಿಂದ ಕಾಲಿನವರೆಗೆ ಹಚ್ಚಬೇಕು, ಅವತ್ತೇ ಬಟ್ಟೆ ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಬ್ಬೊಬ್ಬರೇ ಬಿಡುಗಡೆಯಾಗಲು ಸಾಧ್ಯವಿಲ್ಲ ಅನ್ನೋದು ಬರೀ ರಾಜಕೀಯದ ಮಾತಲ್ಲ ಅಂತ ಈಗ ಗೊತ್ತಾಯ್ತಲ್ಲ?

ತಿಗಣೆಯಿಂದ ಜ್ವರ ಬರೋದಿಲ್ಲ, ಆದರೆ ನಿದ್ದೆ ಹೋಗುತ್ತದೆ. ಗೋಡೆ ಬಿರುಕಿನಲ್ಲಿ, ಮಂಚದ ಸಂದಿಯಲ್ಲಿ ಆಹಾರ ಇಲ್ಲದೆ ತಿಂಗಳುಗಟ್ಟಲೆ ಬದುಕಿ ಕಾಯುತ್ತದೆ. ರಜೆ ಮುಗಿಸಿ ನೀವು ಬರೋದನ್ನೇ ಕಾದಿರುತ್ತದೆ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗೋದು ನಿದ್ದೆಯಲ್ಲಿ. ನಿದ್ದೆ ಕದ್ದವನು ಓದನ್ನೂ ಕದ್ದ ಹಾಗೆ.

ಬಿಸಿಲು ಸೀಮೆಯ ಕಥೆ ಇನ್ನೊಂದು. ಕಲಬುರಗಿ, ರಾಯಚೂರು, ಯಾದಗಿರಿಯಲ್ಲಿ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪರೀಕ್ಷೆಗಳು ಬರೋದೂ ಬೇಸಿಗೆಯಲ್ಲೇ. ತಾರಸಿಯ ಕಾಂಕ್ರೀಟು ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿಯಿಡೀ ಕೆಳಗೆ ಕಾರುತ್ತದೆ. ಶೀಟಿನ ಮನೆಯಾದರೆ ಹಗಲು ಒಳಗೆ ಕೂರಲಿಕ್ಕೇ ಆಗೋದಿಲ್ಲ. "ಕೂಲಿಯವರ ಮಕ್ಕಳು, ಸೆಕೆ ಇವರಿಗೇನು ಹೊಸದಾ?" ಅಂತಾರೆ. ಅದಕ್ಕೆ ಉತ್ತರ ಕೊಡಲು ಒಂದು ಸಂಶೋಧನೆಯ ವಿಷಯ ಹೇಳ್ತೀನಿ. 2016ರ ಬೇಸಿಗೆಯಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹಾಸ್ಟೆಲ್ಲಿನ 44 ವಿದ್ಯಾರ್ಥಿಗಳನ್ನು 12 ದಿನ ಗಮನಿಸಿದರು. ಕೆಲವರ ಕೋಣೆಗೆ ಎ.ಸಿ. ಇತ್ತು, ಕೆಲವರದಕ್ಕೆ ಇರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಎಲ್ಲರಿಗೂ ಸಣ್ಣ ಸಣ್ಣ ಲೆಕ್ಕ, ಬುದ್ಧಿ ಚುರುಕಿನ ಪರೀಕ್ಷೆ ಕೊಟ್ಟರು. ಸೆಕೆಯ ದಿನಗಳಲ್ಲಿ ಎ.ಸಿ. ಇಲ್ಲದವರು ಉತ್ತರ ಕೊಡೋದರಲ್ಲಿ ಸುಮಾರು ನೂರಕ್ಕೆ 13ರಷ್ಟು ಹಿಂದೆ ಬಿದ್ದರು. ಎಲ್ಲರೂ ಎಳೆ ವಯಸ್ಸಿನವರು, ಆರೋಗ್ಯವಂತರು, ಬಾಸ್ಟನ್ನಿನಂಥಾ ಊರಿನ ಬುದ್ಧಿವಂತರು. ಅವರ ಬಿಸಿ ಕೋಣೆಯ ಸರಾಸರಿ ಶಾಖ ಎಷ್ಟಿತ್ತು ಅಂದುಕೊಂಡಿರಿ? 26 ಡಿಗ್ರಿ! ನಮ್ಮ ರಾಯಚೂರಿನ ಹುಡುಗನಿಗೆ ಅದು ಚಳಿಗಾಲ. 26 ಡಿಗ್ರಿಗೆ ಅವರ ಬುದ್ಧಿ ಮಂಕಾಗೋದಾದರೆ, ಶೀಟಿನ ಕೆಳಗೆ ರಾತ್ರಿ ಕಳೆದು ಬಂದು ಪರೀಕ್ಷೆ ಪಾಸಾದ ನಮ್ಮ ಹುಡುಗಿಯ ಪ್ರತಿಭೆಯನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ಪ್ರತಿಭೆ ಪ್ರತಿಭೆ ಅಂತ ಕೂಗೋರು ಮೊದಲು ಇಬ್ಬರನ್ನೂ ಒಂದೇ ಗಾಳಿಯಲ್ಲಿ ಮಲಗಿಸಿ, ಆಮೇಲೆ ಪರೀಕ್ಷೆ ಇಡಲಿ.

ಇಲ್ಲಿ ಒಂದು ಮಾತು ಬರುತ್ತದೆ. ಅಧಿಕಾರಿಗಳು, ಕೆಲವೊಮ್ಮೆ ನಮ್ಮವರೇ ಆದ ನಾಯಕರು ಕೂಡ ಹಾಸ್ಟೆಲ್ ಡೇ ದಿನ ಮೈಕು ಹಿಡಿದು ಹೇಳ್ತಾರೆ: "ಅಂಬೇಡ್ಕರ್ ಬೀದಿ ದೀಪದಲ್ಲಿ ಓದಿದರು, ನಿಮಗೆ ಇಷ್ಟೆಲ್ಲಾ ಇದ್ದೂ ಯಾಕೆ ಆಗೋದಿಲ್ಲ?" ಈ ಮಾತಿಗೆ ಚಪ್ಪಾಳೆ ತಟ್ಟಬೇಡಿ. ಬಾಬಾಸಾಹೇಬರ ಜೀವನವನ್ನು ಸರಿಯಾಗಿ ಓದಿ. ಮುಂಬಯಿಯ ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಅಲ್ಲೇ ಒಲೆ, ಅಲ್ಲೇ ಹೊಗೆ, ಅಲ್ಲೇ ಸಂಸಾರ. ಇಬ್ಬರಿಗೂ ಒಟ್ಟಿಗೆ ಮಲಗಲು ಜಾಗವಿಲ್ಲ. ತಂದೆ ರಾಮ್‌ಜಿಯವರು ರಾತ್ರಿ ಎರಡು ಗಂಟೆವರೆಗೆ ಎಚ್ಚರವಿದ್ದು, ಆಮೇಲೆ ಮಗನನ್ನು ಎಬ್ಬಿಸಿ ಸೀಮೆಎಣ್ಣೆ ದೀಪದ ಮುಂದೆ ಓದಲು ಕೂರಿಸಿ, ಆ ಜಾಗದಲ್ಲಿ ತಾವು ಮಲಗುತ್ತಿದ್ದರು. ಇದು ನಿಜ. ಆದರೆ ಹಾಗೆ ಓದಿದ ಮನುಷ್ಯ ದೊಡ್ಡವರಾದ ಮೇಲೆ ಏನು ಮಾಡಿದರು? "ನಾನು ಹೀಗೆ ಓದಿದೆ, ನೀವೂ ಹೀಗೇ ಓದಿ" ಅಂದರಾ? 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು, ಮರುವರ್ಷವೇ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆದರು. ನಮ್ಮ ಧಾರವಾಡದಲ್ಲೂ ಅವರ ಪ್ರಯತ್ನದಿಂದ ಹಾಸ್ಟೆಲ್ ಆಯಿತು. ಮಹಾಡ್ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಅಂದರೆ ಕೆರೆಗೂ ಮುಂಚೆ ಹಾಸ್ಟೆಲ್ಲು! ಅವರಿಗಿಂತ ಮೊದಲೇ ಕೊಲ್ಹಾಪುರದ ಶಾಹು ಮಹಾರಾಜರು 1908ರಲ್ಲಿ ಅಸ್ಪೃಶ್ಯ ಮಕ್ಕಳಿಗೆ ಹಾಸ್ಟೆಲ್ ಮಾಡಿದ್ದರು. ಓದುವ ಮಗುವಿಗೆ ಮಲಗಲು, ದೀಪ ಹಚ್ಚಲು, ಪುಸ್ತಕ ಬಿಚ್ಚಿಡಲು ಒಂದು ಜಾಗ ಬೇಕು ಅನ್ನೋದು ಆ ಚಾಳಿನ ಕೋಣೆ ಬಾಬಾಸಾಹೇಬರಿಗೆ ಕಲಿಸಿದ ಪಾಠ. ತಾನು ಪಟ್ಟ ಕಷ್ಟವನ್ನು ಅವರು ನಮ್ಮ ಮೇಲೆ ಹೇರಲಿಲ್ಲ, ಅದನ್ನು ತೆಗೆಯಲು ಹೊರಟರು. ಅವರ ಕಷ್ಟವನ್ನು ನಮ್ಮ ಕೋಣೆಯ ಸೋರಿಕೆಗೆ ತೇಪೆ ಹಾಕಲು ಬಳಸೋದು ಅವರಿಗೇ ಮಾಡೋ ಅವಮಾನ.

ಕವಿ ಸಿದ್ಧಲಿಂಗಯ್ಯನವರು ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಓದುವಾಗ ಶಾಂತವಾದ ಜಾಗ ಹುಡುಕಿಕೊಂಡು ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದುದನ್ನು 'ಊರುಕೇರಿ'ಯಲ್ಲಿ ಬರೆದಿದ್ದಾರೆ. ಓದಿ ನಾವು ನಗ್ತೀವಿ, ಅವರು ಬರೆಯೋದೇ ಹಾಗೆ. ನಕ್ಕು ಮುಗಿದ ಮೇಲೆ ಯೋಚನೆ ಮಾಡಿ. ಈ ನಾಡಿನ ದೊಡ್ಡ ಕವಿಯಾಗಲಿದ್ದ ಹುಡುಗನಿಗೆ ಸತ್ತವರ ಮಧ್ಯೆ ಸಿಕ್ಕ ನೆಮ್ಮದಿಯ ಜಾಗ ಬದುಕಿದವರ ಮಧ್ಯೆ ಸಿಕ್ಕಿರಲಿಲ್ಲ.

ಹಾಗಂತ ನಾನು ಹಾಸ್ಟೆಲ್ಲನ್ನು ಬೈಯಲು ಬಂದಿಲ್ಲ. ಹಾಸ್ಟೆಲ್ಲು ನಮಗೆ ತಾಯಿಮನೆ. ಗೌಡರ ಮನೆಯ ಜೀತದಿಂದ, ದನ ಕಾಯೋದರಿಂದ ಎಳೆದು ತಂದು ನಮ್ಮ ಕೈಗೆ ಪುಸ್ತಕ ಕೊಟ್ಟಿದ್ದು ಹಾಸ್ಟೆಲ್ಲು. ಮೂರು ಹೊತ್ತು ಊಟ ಅಂದರೆ ಏನು ಅಂತ ತೋರಿಸಿದ್ದು ಹಾಸ್ಟೆಲ್ಲು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆಯಾದಾಗ ಅವರ ಪರವಾಗಿ ಬೀದಿಗಿಳಿದು ಏಟು ತಿಂದವರು ಹಾಸ್ಟೆಲ್ ಹುಡುಗರು. ನಮ್ಮ ಚಳವಳಿಯ ಕಂದೀಲು ಹೊತ್ತಿದ್ದು ಹಾಸ್ಟೆಲ್ ಕೋಣೆಗಳಲ್ಲಿ. ಆದ್ದರಿಂದಲೇ ಎಚ್ಚರಿಕೆ ಬೇಕು. "ಹಾಸ್ಟೆಲ್ಲು ಸರಿಯಿಲ್ಲ ಅಂತೀರಲ್ಲ, ಮುಚ್ಚಿಬಿಡೋಣ, ಕೈಗೆ ದುಡ್ಡು ಕೊಡ್ತೀವಿ, ಹೊರಗೆ ರೂಮು ಮಾಡ್ಕೊಳ್ಳಿ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಊರಲ್ಲಿ ಜಾತಿ ಕೇಳದೆ ನಿಮಗೆ ರೂಮು ಕೊಡೋರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಇನ್ನೊಬ್ಬರು, "ನಿಮ್ಮ ಗುಡಿಸಲಿಗಿಂತ ಇದು ವಾಸಿ ಅಲ್ವೇನಯ್ಯಾ?" ಅಂತಾರೆ. ಅವರಿಗೆ ಹೇಳಿ: ನಮ್ಮ ಗುಡಿಸಲು ಚಿಕ್ಕದಾದರೂ ಅದರ ಮುಂದೆ ಜಗಲಿ ಇದೆ, ಬಯಲು ಇದೆ, ಸೆಕೆಯಾದರೆ ಆಕಾಶದ ಕೆಳಗೆ ಚಾಪೆ ಹಾಸ್ತೀವಿ. ಇಲ್ಲಿ ರಾತ್ರಿ ಗೇಟಿಗೆ ಬೀಗ. ಮತ್ತೆ, ನಮ್ಮ ಗುಡಿಸಲು ಯಾವುದಕ್ಕೂ ಅಳತೆಗೋಲಲ್ಲ. ಗುಡಿಸಲನ್ನೂ ಬದಲಾಯಿಸಬೇಕು ಅಂತಲೇ ನಾವು ಓದುತ್ತಿರೋದು.

ತಂಗಿಯರ ಹಾಸ್ಟೆಲ್ಲಿನ ವಿಷಯ ಬೇರೆಯಾಗಿಯೇ ಹೇಳಬೇಕು. ಅಲ್ಲಿ ಕಿಟಕಿ ಇದ್ದರೂ ಇಲ್ಲ. ರಸ್ತೆ ಕಡೆಯ ಕಿಟಕಿಗೆ ಮೊಳೆ ಹೊಡೆದಿರ್ತಾರೆ, ಇಲ್ಲವೇ ತಗಡು ಬಡಿದಿರ್ತಾರೆ. ಕೇಳಿದರೆ ರಕ್ಷಣೆ ಅಂತಾರೆ. ರಸ್ತೆಯಲ್ಲಿ ನಿಂತು ಶಿಳ್ಳೆ ಹಾಕೋ ಪುಂಡನಿಗೆ ಶಿಕ್ಷೆ ಇಲ್ಲ, ಒಳಗಿರೋ ಹುಡುಗಿಗೆ ಗಾಳಿ ಇಲ್ಲದ ಶಿಕ್ಷೆ. ಮುಟ್ಟಿನ ಬಟ್ಟೆಯನ್ನು ಯಾರಿಗೂ ಕಾಣದ ಹಾಗೆ ಮಂಚದ ಕೆಳಗೆ, ಬೇರೆ ಬಟ್ಟೆಯ ಅಡಿಯಲ್ಲಿ ಒಣಗಿಸಬೇಕು. ಬಿಸಿಲು ಕಾಣದ ಬಟ್ಟೆ ಒಣಗೋದಿಲ್ಲ, ಅದರಿಂದ ತುರಿಕೆ, ಸೋಂಕು. ಕಕ್ಕಸಿಗೆ ನೀರಿಲ್ಲ, ಚಿಲಕ ಇಲ್ಲ, ದೀಪ ಇಲ್ಲ ಅಂತ ಸಂಜೆಯಿಂದಲೇ ನೀರು ಕುಡಿಯೋದು ಬಿಡ್ತಾರೆ. ಆಮೇಲೆ ಉರಿಮೂತ್ರ, ಜ್ವರ, ಹೊಟ್ಟೆನೋವು. ಇದನ್ನು ಯಾರ ಹತ್ತಿರ ಹೇಳಬೇಕು? ಸಭೆಯಲ್ಲಿ ಇದನ್ನೆಲ್ಲಾ ಆಡಬಾರದು ಅಂತ ಮುಖ ತಿರುಗಿಸೋ ಅಣ್ಣಂದಿರು ಇಲ್ಲೇ ಇದ್ದರೆ, ಅವರಿಗೂ ಸೇರಿಸಿಯೇ ಹೇಳ್ತಾ ಇದ್ದೀನಿ. ಬಿಸಿಲಿನಲ್ಲಿ ಬಟ್ಟೆ ಒಣಗಿಸೋ ಜಾಗ, ಒಳಗಿನಿಂದ ಹಾಕುವ ಚಿಲಕ, ಜಾಲರಿ ಇರುವ ತೆರೆಯೋ ಕಿಟಕಿ: ಹೆಣ್ಣುಮಕ್ಕಳ ರಕ್ಷಣೆ ಅಂದರೆ ಇದು.

ಕಕ್ಕಸಿನ ಮಾತು ಬಂದ ಮೇಲೆ ಇನ್ನೊಂದು. ಅದನ್ನು ತೊಳೆಯೋರು ಯಾರು? ಎಷ್ಟೋ ಕಡೆ ನಮ್ಮದೇ ಕೇರಿಯ ಒಬ್ಬ ಅಮ್ಮ. ಗುಂಡಿ ತುಂಬಿದರೆ ಇಳಿಸೋದು ನಮ್ಮದೇ ಕೇರಿಯ ಒಬ್ಬ ಅಣ್ಣನನ್ನು. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರೋದನ್ನು ನಿಲ್ಲಿಸಿದ ರಾಜ್ಯ ಇದು. 2013ರ ಕೇಂದ್ರದ ಕಾನೂನಿನ ಪ್ರಕಾರ ರಕ್ಷಣಾ ಸಾಧನ ಇಲ್ಲದೆ ಮನುಷ್ಯನನ್ನು ಮಲದ ಗುಂಡಿಗೆ ಇಳಿಸೋದು ಅಪರಾಧ. ಅಂಬೇಡ್ಕರ್ ಫೋಟೋ ಇಟ್ಟ ಕಟ್ಟಡದಲ್ಲೇ ಆ ಅಪರಾಧ ನಡೆಯಲು ನೀವು ಬಿಡಬಾರದು. ಯಂತ್ರ ತರಿಸಿ ಅಂತ ಕೂತುಬಿಡಿ.

ದೊಡ್ಡ ವಿದ್ಯಾಸಂಸ್ಥೆಗೆ ಹೋದರೆ ಕೋಣೆಯ ಪ್ರಶ್ನೆ ಮುಗಿಯೋದಿಲ್ಲ, ವೇಷ ಬದಲಾಯಿಸುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಗ್ಗೆ 2007ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಸಮಿತಿ ವರದಿ ಕೊಟ್ಟಿತು. ಕಿರುಕುಳ ತಾಳಲಾರದೆ ನಮ್ಮ ವಿದ್ಯಾರ್ಥಿಗಳು ಹಾಸ್ಟೆಲ್ಲಿನ ಕೆಲವೇ ಮಹಡಿಗಳಿಗೆ ಹೋಗಿ ಗುಂಪುಗೂಡಬೇಕಾಗಿತ್ತು ಅಂತ ಅದರಲ್ಲಿದೆ. ಡಾಕ್ಟರಾಗೋರ ಕಟ್ಟಡದಲ್ಲೂ ಒಂದು ಕೇರಿ! 2015ರ ಕೊನೆಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳನ್ನು ಹಾಸ್ಟೆಲ್ಲಿನಿಂದ ಹೊರಹಾಕಿದರು. ಅವರು ಬಯಲಲ್ಲಿ ಡೇರೆ ಹಾಕಿ ಮಲಗಿದರು, ಅದಕ್ಕೆ ವೆಲಿವಾಡ ಅಂತ ಹೆಸರಿಟ್ಟರು. ತೆಲುಗಿನಲ್ಲಿ ಹೊರಗೇರಿ ಅಂತ ಅರ್ಥ. 2016ರ ಜನವರಿ 17ರಂದು ಅವರಲ್ಲೊಬ್ಬನಾದ ರೋಹಿತ್ ವೇಮುಲನನ್ನು ನಾವು ಕಳೆದುಕೊಂಡೆವು. ಕೋಣೆ ಅಂದರೆ ನಾಲ್ಕು ಗೋಡೆ ಮಾತ್ರ ಅಲ್ಲ, ಇಲ್ಲಿ ನನಗೆ ಜಾಗ ಇದೆ ಅನ್ನೋ ಧೈರ್ಯ. ಆ ಧೈರ್ಯ ಹೋದಾಗ ಮನಸ್ಸು ಕುಸಿಯುತ್ತದೆ. ನಿಮ್ಮ ಕೋಣೆಯಲ್ಲಿ ಯಾರಾದರೂ ಮಾತು ಬಿಟ್ಟಿದ್ದರೆ, ಊಟ ಬಿಟ್ಟಿದ್ದರೆ, ರಾತ್ರಿಯೆಲ್ಲಾ ಎದ್ದು ಕೂತಿದ್ದರೆ, ಅವನನ್ನು ಗೇಲಿ ಮಾಡಬೇಡಿ, ಒಬ್ಬನೇ ಬಿಡಬೇಡಿ. ಪಕ್ಕ ಕೂತು ಕೇಳಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಫೋನಿದೆ, ನಂಬರು 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಮೆಸ್ಸಿನ ಗೋಡೆಗೆ ದೊಡ್ಡದಾಗಿ ಬರೆಯಿರಿ.

ಈಗ, ಏನು ಮಾಡಬೇಕು? ಎರಡು ಪಟ್ಟಿ ಮಾಡಿಕೊಳ್ಳಿ. ನಾವು ಮಾಡಬಹುದಾದ್ದು ಒಂದು, ಸರ್ಕಾರ ಮಾಡಲೇಬೇಕಾದ್ದು ಒಂದು. ಎರಡನ್ನೂ ಕಲಸಬೇಡಿ. ಶುಚಿಯಾಗಿರಿ ಅಂತ ನಮಗೆ ಉಪದೇಶ ಮಾಡಿ ಅವರ ಪಟ್ಟಿಯನ್ನು ನಮ್ಮ ತಲೆಗೆ ಕಟ್ಟೋ ಜಾಣರಿದ್ದಾರೆ.

ನಾವು ಮಾಡಬಹುದಾದ್ದು: ಎದುರುಬದುರು ಕಿಟಕಿ ಇದ್ದರೆ ಎರಡನ್ನೂ ತೆರೆಯಿರಿ, ಒಂದೇ ಕಡೆ ತೆರೆದರೆ ಗಾಳಿ ಆಡೋದಿಲ್ಲ. ಮೇಲಿನ ಗವಾಕ್ಷಿಗೆ ರಟ್ಟು, ಪೇಪರು ತುರುಕಿದ್ದರೆ ತೆಗೆಯಿರಿ, ಸೊಳ್ಳೆಗೆ ಜಾಲರಿ ಕೇಳಿ. ಒದ್ದೆ ಬಟ್ಟೆ ಒಳಗೆ ಹಾಕಬೇಡಿ. ವಾರಕ್ಕೊಮ್ಮೆ ಹಾಸಿಗೆ, ಕಂಬಳಿ ಬಿಸಿಲಿಗೆ. ಇಬ್ಬರು ಅಕ್ಕಪಕ್ಕ ಮಲಗುವಾಗ ಒಬ್ಬನ ತಲೆಯ ಕಡೆ ಇನ್ನೊಬ್ಬನ ಕಾಲು ಬರುವ ಹಾಗೆ ಮಲಗಿ, ಕೆಮ್ಮು ನೇರವಾಗಿ ಮುಖಕ್ಕೆ ಬರೋದಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಔಷಧಿಯೂ ಪುಕ್ಕಟೆ. ಕ್ಷಯ ಬಂದವನನ್ನು ಹಾಸ್ಟೆಲ್ ಬಿಡಿಸಲು ಬಂದರೆ ಎಲ್ಲರೂ ಸೇರಿ ತಡೆಯಿರಿ. ಔಷಧಿ ತಪ್ಪದೆ ತಗೊಂಡರೆ ಅದು ವಾಸಿಯಾಗೋ ಕಾಯಿಲೆ.

ಸರ್ಕಾರ ಮಾಡಲೇಬೇಕಾದ್ದು: ತಲೆ ಎಣಿಸಿ ಕೋಣೆ, ಕೋಣೆಗೆ ತಕ್ಕ ಕಿಟಕಿ. ಕಟ್ಟಡ ಸಂಹಿತೆಯ ಪ್ರಕಾರ ಬಾಗಿಲು ಬಿಟ್ಟು ಗಾಳಿ ಬೆಳಕಿನ ಕಂಡಿಗಳೇ, ಒಣ ಸೆಕೆಯ ಸೀಮೆಯಲ್ಲಿ ನೆಲದ ಹತ್ತನೇ ಒಂದು ಭಾಗ, ತೇವ ಸೆಕೆಯ ಸೀಮೆಯಲ್ಲಿ ಆರನೇ ಒಂದು ಭಾಗ ಇರಬೇಕು. 300 ಚದರ ಅಡಿಗೆ ರಾಯಚೂರಿನಲ್ಲಿ 30, ಮಂಗಳೂರಿನಲ್ಲಿ 50 ಚದರ ಅಡಿ. ಅಳೆದು ನೋಡಿ. ಸೋರದ ತಾರಸಿ, ಬೇಸಿಗೆಗೆ ಮುಂಚೆ ತಾರಸಿಯ ಮೇಲೆ ಬಿಳಿ ಸುಣ್ಣ, ಫ್ಯಾನು, ಓದಲು ಸಾಕಷ್ಟು ದೀಪ, ಮಲಗುವ ಕೋಣೆ ಬಿಟ್ಟು ಓದಲು ಬೇರೆ ಕೋಣೆ. ದುಡ್ಡಿಲ್ಲ ಅನ್ನೋ ಹಾಗಿಲ್ಲ. ನಮ್ಮ ಜನಸಂಖ್ಯೆಗೆ ತಕ್ಕ ಹಣ ನಮ್ಮ ಮೇಲೇ ಖರ್ಚಾಗಬೇಕು ಅಂತ 2013ರಲ್ಲಿ ಈ ರಾಜ್ಯ ವಿಶೇಷ ಘಟಕ ಯೋಜನೆಗೆ ಕಾನೂನು ಮಾಡಿದೆ. ಆ ಹಣ ಎಲ್ಲಿ ಹೋಯಿತು ಅಂತ ಕೇಳೋದು ನಿಮ್ಮ ಕೆಲಸ.

ಕೇಳೋದು ಹೇಗೆ? ಬರೀ ಧಿಕ್ಕಾರ ಕೂಗಿದರೆ ಸಾಲದು, ಲೆಕ್ಕ ಬೇಕು. ಇಲ್ಲಿಂದ ಹೋದ ಮೇಲೆ ಒಂದು ಅಳತೆ ಟೇಪು, ಒಂದು ನೋಟ್‌ಬುಕ್ಕು ತಗೊಳ್ಳಿ. ಪ್ರತಿ ಕೋಣೆಯ ಉದ್ದ, ಅಗಲ, ಮಲಗೋ ಜನ, ತೆರೆಯೋ ಕಿಟಕಿ ಎಷ್ಟು, ಮುಚ್ಚಿದ್ದು ಎಷ್ಟು, ಉರಿಯೋ ದೀಪ ಎಷ್ಟು, ನೀರು ಬರೋ ಕಕ್ಕಸು ಎಷ್ಟು, ಕಜ್ಜಿ ಎಷ್ಟು ಜನಕ್ಕೆ, ಕೆಮ್ಮು ಎಷ್ಟು ಜನಕ್ಕೆ: ಬರೆಯಿರಿ. ಎಲ್ಲರೂ ಸಹಿ ಹಾಕಿ. ಸಹಿ ಹಾಕಿದ ಒಬ್ಬನನ್ನೇ ಹಿಡಿದು ಹೆದರಿಸೋದು ಸುಲಭ, ನೂರು ಜನರನ್ನು ಹೆದರಿಸೋದು ಕಷ್ಟ. ತಾಲ್ಲೂಕು ಸಮಾಜ ಕಲ್ಯಾಣಾಧಿಕಾರಿಗೆ ಒಂದು ಪ್ರತಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದಿದೆ, ನಿಮ್ಮ ಹಾಸ್ಟೆಲ್ಲಿನ ರಿಪೇರಿಗೆ ಈ ವರ್ಷ ಎಷ್ಟು ಬಂತು, ಯಾರಿಗೆ ಕೊಟ್ಟಿರಿ ಅಂತ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ವಾರ್ಡನ್ ಕೆಟ್ಟವರು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಎಷ್ಟೋ ಕಡೆ ಒಬ್ಬರೇ ವಾರ್ಡನ್ ಎರಡು ಹಾಸ್ಟೆಲ್ ನೋಡಿಕೊಳ್ತಾರೆ. ನಿಮ್ಮ ಲೆಕ್ಕ ಅವರ ಕೈಗೂ ಬಲ ಕೊಡಬಹುದು.

ಕೊನೆಯ ಮಾತು. ಕಳೆದ ಪರೀಕ್ಷೆಯಲ್ಲಿ ಫೇಲಾದವರು ಇಲ್ಲಿ ಇದ್ದೀರಿ. ನೀವು ಓದಬೇಕಾದ್ದು ಇನ್ನೂ ಇದೆ, ಕೋಣೆ ಸರಿಯಿಲ್ಲ ಅಂತ ಪುಸ್ತಕ ಮುಚ್ಚಿಡಬೇಡಿ. ಆದರೆ "ನಾನು ದಡ್ಡ" ಅನ್ನೋ ಮಾತನ್ನು ಇವತ್ತೇ ಇಲ್ಲೇ ಬಿಟ್ಟು ಹೋಗಿ. ನಿಮ್ಮ ತಲೆಯಲ್ಲಿ ದೋಷವಿಲ್ಲ. ನಿಮ್ಮ ಕಿಟಕಿ ಮುಚ್ಚಿದೆ. ಅದನ್ನು ಮುಚ್ಚಿದವರು ಯಾರು ಅಂತ ಹುಡುಕಿ, ಎಲ್ಲರೂ ಸೇರಿ ತೆರೆಯಿರಿ.

ಜೈ ಭೀಮ್.